ಸ್ಟೇರಿಂಗ್ ಹಗುರವಾದ ಇತಿಹಾಸ: ಇಲ್ಮ್ ಮತ್ತು ಹುನರ್

ಭಾರ ತುಂಬಿದ ಹಳೆಯ ಲಾರಿಯನ್ನು ಇಕ್ಕಟ್ಟಾದ ಜಾಗದಲ್ಲಿ ತಿರುಗಿಸುವ ಚಾಲಕನನ್ನು ನೋಡಿದ್ದೀರಾ? ಅವನ ಭುಜದ ಬಲವೆಲ್ಲ ಸ್ಟೇರಿಂಗ್ ಚಕ್ರಕ್ಕೇ ಹೋಗುತ್ತದೆ. ಇಂದಿನ ವಾಹನಗಳಲ್ಲಿ ಅದೇ ಚಕ್ರ ಹಗುರವಾಗಿ ತಿರುಗುತ್ತದೆ. ಈ ಸುಲಭದ ಹಿಂದೆ ಸುಮಾರು 30 ವರ್ಷಗಳ ತಾಳ್ಮೆಯ ಇತಿಹಾಸವಿದೆ.

ಅಮೆರಿಕದ ಫ್ರಾನ್ಸಿಸ್ ಡೇವಿಸ್ ಪಿಯರ್ಸ್ ಆರೋ ಕಂಪೆನಿಯ ಟ್ರಕ್ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದರು. ಭಾರವಾದ ಟ್ರಕ್ಕುಗಳನ್ನು ತಿರುಗಿಸಲು ಚಾಲಕರು ಪಡುವ ಕಷ್ಟವನ್ನು ಅವರು ಹತ್ತಿರದಿಂದ ಕಂಡಿದ್ದರು. 1922ರಲ್ಲಿ ಕೆಲಸ ಬಿಟ್ಟು ವಾಲ್ತಮ್ ಎಂಬ ಊರಿನಲ್ಲಿ ಸ್ವಂತ ಕಾರ್ಯಾಗಾರ ತೆರೆದರು. ಎಂಜಿನ್ನಿನಿಂದ ನಡೆಯುವ ಒಂದು ಪಂಪು ಎಣ್ಣೆಯನ್ನು ಸದಾ ಹರಿಸುತ್ತಿರಬೇಕು, ಚಾಲಕ ಚಕ್ರ ತಿರುಗಿಸಿದಾಗ ಮಾತ್ರ ಒತ್ತಡ ಏರಿ ಸಹಾಯ ಮಾಡಬೇಕು ಎಂಬುದು ಅವರ ಉಪಾಯ. 1926ರಲ್ಲಿ ಜನರಲ್ ಮೋಟಾರ್ಸ್ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಆದರೆ ಆರ್ಥಿಕ ಕುಸಿತದ ದಿನಗಳಲ್ಲಿ ಖರ್ಚಿಗೆ ಹೆದರಿ, 1934ರಲ್ಲಿ ಅದನ್ನು ಕೈಬಿಟ್ಟಿತು. ಡೇವಿಸ್ ಕೈಬಿಡಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಭಾರಿ ವಾಹನಗಳಿಗೆ ಈ ವಿದ್ಯೆ ಬೇಕಾಯಿತು. ಕೊನೆಗೆ 1951ರಲ್ಲಿ ಕ್ರೈಸ್ಲರ್ ಕಂಪೆನಿ ತನ್ನ ಇಂಪೀರಿಯಲ್ ಕಾರಿನಲ್ಲಿ ಪವರ್ ಸ್ಟೇರಿಂಗನ್ನು ಮಾರುಕಟ್ಟೆಗೆ ತಂದಿತು. ಅಷ್ಟರಲ್ಲಿ ಡೇವಿಸರ ಮೊದಲಿನ ಪೇಟೆಂಟುಗಳ ಅವಧಿ ಮುಗಿದುಹೋಗಿತ್ತು!

ಅದಕ್ಕೂ ಮುನ್ನ, 1947ರಿಂದ ಬಂದ ಶೆವರ್ಲೆ ಪಿಕಪ್‌ಗಳನ್ನು ಕೈಬಲದಿಂದಲೇ ತಿರುಗಿಸಬೇಕಿತ್ತು. ಅವನ್ನು ಇಂದಿಗೂ ಪ್ರೀತಿಯಿಂದ ಸಾಕಿಕೊಂಡಿರುವ ಅಮೆರಿಕನ್ನರು ಅವಕ್ಕೆ ಪವರ್ ಸ್ಟೇರಿಂಗ್ ಜೋಡಿಸುತ್ತಾರೆ. ಹಳೆಯ ಸ್ಟೇರಿಂಗ್ ಬಾಕ್ಸ್ ತೆಗೆದು ಹೊಸದನ್ನು ಚಾಸಿಗೆ ಬಿಗಿಯುವುದು, ಎಂಜಿನ್ನಿನ ಮುಂದೆ ಬೆಲ್ಟಿನಿಂದ ತಿರುಗುವ ಪಂಪು ಕೂರಿಸುವುದು, ಎಣ್ಣೆ ಹೋಗಲು ಒಂದು, ಮರಳಲು ಒಂದು ಪೈಪು ಎಳೆಯುವುದು. ಇಷ್ಟೇ ಅಲ್ಲ, ಬಾಕ್ಸ್ ಕೂರುವ ಜಾಗದಲ್ಲಿ ಚಾಸಿ ಸೀಳಿದೆಯೇ ಎಂದು ಮೊದಲು ನೋಡಬೇಕು. ದುರ್ಬಲ ಚಾಸಿಯ ಮೇಲೆ ಹೊಸ ಬಲ ಹೇರಿದರೆ ಅಪಾಯ.

ನಮ್ಮ ಊರುಗಳ ಗ್ಯಾರೇಜುಗಳಲ್ಲೂ ಹಳೆಯ ಜೀಪುಗಳಿಗೆ ಈ ಕೆಲಸ ನಡೆಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಗ್ಯಾರೇಜು ಸೇರಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಕೇಳಿದ: "ಸರ್, ಪಂಪು ಕೂರಿಸಿದೆವು. ಸ್ಟೇರಿಂಗ್ ಗುರ್ ಎನ್ನುತ್ತಿತ್ತು, ಎಣ್ಣೆ ನೊರೆ ಕಟ್ಟಿತ್ತು. ಉಸ್ತಾದ್ ಮುಂದಿನ ಚಕ್ರಗಳನ್ನು ಎತ್ತಿ, ಸ್ಟೇರಿಂಗನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿದರು, ಸರಿಯಾಯಿತು. ಯಾಕೆ ಅಂತ ಅವರಿಗೂ ಗೊತ್ತಿಲ್ಲ."

ನಾನು ಭಾಷಾ ಶಿಕ್ಷಕ. ನಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿ ಉತ್ತರ ಹೇಳಿದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಗುಳ್ಳೆಗಳು ಹೊರಬಿದ್ದ ಮೇಲೆಯೇ ಪಂಪಿನ ಬಲ ಪೂರ್ತಿ ಚಕ್ರಕ್ಕೆ ಮುಟ್ಟುತ್ತದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಮ್ಮ ಪುಸ್ತಕದಲ್ಲೇ ಇತ್ತಾ ಸರ್?" ಎಂದ. ಆ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ. ನಾವು ಅವನಿಗೆ ಪುಸ್ತಕ ಕೊಟ್ಟೆವು, ಅದು ಅವನ ಕೈಗೆ ಹೇಗೆ ಬಲವಾದೀತು ಎಂದು ತೋರಿಸಲಿಲ್ಲ.

ಉಸ್ತಾದರ ಹುನರ್ ಸಣ್ಣದಲ್ಲ. ಪವರ್ ಸ್ಟೇರಿಂಗಿನಲ್ಲೂ ಹಳೆಯ ಕೊಂಡಿ ಹಾಗೆಯೇ ಉಳಿದಿರುತ್ತದೆ. ಎಂಜಿನ್ ನಿಂತರೆ ಚಕ್ರ ಭಾರವಾದೀತು, ಆದರೂ ತಿರುಗುತ್ತದೆ. ಕಸುಬಿನ ಕೈಗೆ ಇಲ್ಮ್ ಸೇರುವುದೂ ಹೀಗೆಯೇ. ಅದು ಹುನರನ್ನು ಕಿತ್ತುಹಾಕುವುದಿಲ್ಲ, ಹಗುರ ಮಾಡುತ್ತದೆ. ನಮ್ಮ ಸಂಘದ ಸದಸ್ಯರು ತಮ್ಮ ಮೊಹಲ್ಲಾದ ಗ್ಯಾರೇಜಿನಲ್ಲಿ ದುಡಿಯುವ ಒಬ್ಬೊಬ್ಬ ಹುಡುಗನನ್ನಾದರೂ ಮರಳಿ ಪರೀಕ್ಷೆಗೆ ಕೂರಿಸಿ, ಐಟಿಐ ಬಾಗಿಲಿನವರೆಗೆ ಕರೆದೊಯ್ಯಲಿ. ಅಲ್ಲಾಹನು ನಮಗೆಲ್ಲ ಆ ತೌಫೀಕ್ ನೀಡಲಿ.