ಬಾಡಿಗೆಗಾ, ಲೀಸಿಗಾ?

ತುಮಕೂರಿನ ಬಟವಾಡಿಯಲ್ಲಿ ಮನೆ ಹುಡುಕುತ್ತ ಹೊರಟವರಿಗೆ ಬ್ರೋಕರ್ ಹಾಕುವ ಮೊದಲ ಪ್ರಶ್ನೆ: "ಬಾಡಿಗೆಗಾ ಸಾರ್, ಲೀಸಿಗಾ?" ಲಂಡನ್ನಿನವರಿಗೆ ಈ ಪ್ರಶ್ನೆಯ ತಲೆಬುಡ ತಿಳಿಯದು. ಅವರಲ್ಲಿ ಕರಾರಿನ ಹೆಸರು ಲೀಸ್, ಅದರಂತೆ ಕಟ್ಟುವ ಹಣ ರೆಂಟ್. ಕ್ರಿಯಾಪದವಾಗಿ ಬಳಸಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಅವಧಿ ಉದ್ದವಿದ್ದರೆ ಲೀಸ್ ಅನ್ನುವುದು ವಾಡಿಕೆ, ಅಷ್ಟೆ. ಮನೆ ಕೊಟ್ಟವರೂ ರೆಂಟ್ ಮಾಡುತ್ತಾರೆ, ಹಿಡಿದವರೂ ರೆಂಟ್ ಮಾಡುತ್ತಾರೆ.

ನಮ್ಮವರು ಈ ಅವಳಿಗಳನ್ನು ಬೇರೆ ಮಾಡಿಬಿಟ್ಟರು. ಬಾಡಿಗೆಯೆಂದರೆ ಒಂದಿಷ್ಟು ಅಡ್ವಾನ್ಸು, ಆಮೇಲೆ ತಿಂಗಳು ತಿಂಗಳು ದುಡ್ಡು. ಲೀಸೆಂದರೆ ಐದೋ ಹತ್ತೋ ಲಕ್ಷ ಒಟ್ಟಿಗೆ ಎಣಿಸಿಕೊಟ್ಟು, ಮೂರು ವರ್ಷ ಇದ್ದು, ಖಾಲಿ ಮಾಡುವಾಗ ಅಷ್ಟನ್ನೂ ವಾಪಸ್ ಪಡೆಯುವುದು. ಮನೆಗೆ ಬಾಡಿಗೆ ಇಲ್ಲ, ಹಣಕ್ಕೆ ಬಡ್ಡಿ ಇಲ್ಲ. ಮಗಳ ಮದುವೆಗೋ ಮೇಲಿನ ಮಹಡಿಗೋ ಓನರಿಗೆ ಇಡಿಗಂಟು ಬೇಕು. ಬಂದವರಿಗೆ ತಿಂಗಳ ಬಾಡಿಗೆ ಉಳಿಯಬೇಕು. ದಕ್ಷಿಣ ಕೊರಿಯಾದಲ್ಲೂ ಇಂಥದ್ದೇ ಪದ್ಧತಿಯಿದೆ, ಅದನ್ನು ಜಾನ್ಸೆ ಅನ್ನುತ್ತಾರೆ.

ಇದಕ್ಕೆ ಕನ್ನಡದಲ್ಲಿ ಹೆಸರಿರಲಿಲ್ಲ ಅಂತಲ್ಲ. ಸಾಲ ತೀರುವವರೆಗೆ ಹೊಲದ ಫಸಲು ಸಾಲ ಕೊಟ್ಟವರಿಗೆ, ಬಡ್ಡಿಯ ಮಾತೇ ಇಲ್ಲ ಅನ್ನುವ ಏರ್ಪಾಡಿಗೆ ಹಳ್ಳಿಯ ಹೆಸರು ಭೋಗ್ಯ. ಪೇಟೆಯ ಮನೆಗೆ ಬರುವಷ್ಟರಲ್ಲಿ ಭೋಗ್ಯ ಲೀಸಾಯಿತು. ಹೆಸರು ಇಂಗ್ಲಿಷಿನದಾದರೂ ವ್ಯಾಕರಣ ಹಳೆಯದೇ ಉಳಿಯಿತು: ಲೀಸಿಗೆ 'ಹಾಕುತ್ತೇವೆ', ಲೀಸಿಗೆ 'ಹಾಕಿಸಿಕೊಳ್ಳುತ್ತೇವೆ'. ಭೋಗ್ಯಕ್ಕೂ ಇವೇ ಕ್ರಿಯಾಪದಗಳು.

ಹೆಸರು ಬದಲಾದದ್ದರಿಂದ ಒಂದು ಎಚ್ಚರ ಮಾತ್ರ ತಪ್ಪಿತು. ಭೋಗ್ಯ ಅಂದಾಗ ಇದು ಸಾಲದ ವ್ಯವಹಾರವೆಂದು ಕಿವಿಗೇ ಗೊತ್ತಾಗುತ್ತಿತ್ತು. ಲೀಸ್ ಅಂದಾಗ ಬಾಡಿಗೆಯ ದಾಯಾದಿಯಂತೆ ಕೇಳಿಸುತ್ತದೆ. ಕಾನೂನು ಬೋರ್ಡು ನೋಡುವುದಿಲ್ಲ, ಷರತ್ತು ನೋಡುತ್ತದೆ. ಬಡ್ಡಿಯ ಬದಲು ಮನೆಯನ್ನು ಅನುಭವಿಸಿ, ಕೊಟ್ಟ ಹಣ ಬರುವವರೆಗೆ ಬಿಡದೆ ಇರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್ ಹೇಳುವ ಭೋಗ್ಯದ ಅಡಮಾನಕ್ಕೆ ಹತ್ತಿರ. ಅಂಥ ಅಡಮಾನದ ಮೊತ್ತ 100 ರೂಪಾಯಿ ಮುಟ್ಟಿದರೂ ಪತ್ರ ರಿಜಿಸ್ಟರ್ ಆಗಲೇಬೇಕು. ಲೀಸೇ ಅಂದುಕೊಂಡರೂ ಅವಧಿ ಒಂದು ವರ್ಷ ದಾಟಿದರೆ ರಿಜಿಸ್ಟರ್ ತಪ್ಪದು; ಬಾಡಿಗೆ ಕರಾರುಗಳು 11 ತಿಂಗಳಿಗೇ ನಿಲ್ಲುವುದು ಅದಕ್ಕೇ. ಲಕ್ಷಗಟ್ಟಲೆ ಕೊಟ್ಟವರ ಕೈಯಲ್ಲಿ ಬರೀ ಛಾಪಾ ಕಾಗದವಿದ್ದು, ಅದೇ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದರೆ, ಹರಾಜಿನ ನೋಟಿಸು ಬಂದ ದಿನ ಗತಿಯೇನು?

ಹಾಗಾಗಿ ಬಾಯಲ್ಲಿ ಲೀಸ್ ಅನ್ನಿ, ಅಡ್ಡಿಯಿಲ್ಲ. ಮನಸ್ಸಿನಲ್ಲಿ ಭೋಗ್ಯ ಅಂದುಕೊಳ್ಳಿ. ಹಣ ಎಣಿಸುವ ಮೊದಲು ಮನೆಯ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡುವ ಬುದ್ಧಿ ತಾನಾಗಿ ಬರುತ್ತದೆ.