ಕೋಟೆಯ ಮಗ್ಗುಲಿನ ವಿಕ್ಟೋರಿಯಾ

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಬಿದ್ದದ್ದು 1897ರ ಜೂನ್ 22ರಂದು. ಲಂಡನ್ನಿನ ಬೀದಿಗಳಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟದ ಅರವತ್ತನೇ ವರ್ಷದ ಮೆರವಣಿಗೆ ಹೊರಟದ್ದೂ ಅದೇ ದಿನ. ಇಲ್ಲಿ ಕಲ್ಲು ಇಟ್ಟವರು ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಅವರ ಪತಿ ಚಾಮರಾಜೇಂದ್ರ ಒಡೆಯರು ಎರಡೂವರೆ ವರ್ಷದ ಹಿಂದೆ, 1894ರ ಡಿಸೆಂಬರಿನಲ್ಲಿ, ಕಲ್ಕತ್ತೆಗೆ ಹೋದವರು ಗಂಟಲಮಾರಿ ತಗುಲಿ ಅಲ್ಲೇ ತೀರಿಕೊಂಡಿದ್ದರು. ಆಗ ಅವರಿಗೆ ಮೂವತ್ತೊಂದು ವರ್ಷ. ಸೋಂಕು ರೋಗ ಅರಮನೆಯ ಬಾಗಿಲನ್ನೂ ಬಿಡುವುದಿಲ್ಲ ಎಂಬುದನ್ನು ಈ ರಾಣಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೆಸರು ಮಾತ್ರ ಸಮುದ್ರದಾಚೆಯ ರಾಣಿಯದು. ಸಂಸ್ಥಾನಗಳ ರಾಜಕಾರಣದಲ್ಲಿ ಅದು ಕಟ್ಟಬೇಕಾದ ಕಂದಾಯ.

ಕಟ್ಟಡ ಏಳುತ್ತಿರುವಾಗಲೇ ಪ್ಲೇಗ್ ಬಂತು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲು ಹತ್ತಿ ಬಂದ ರೋಗ, ಇಕ್ಕಟ್ಟಿನ ಪೇಟೆಯ ಓಣಿಗಳನ್ನು ಕೆಲವೇ ವಾರಗಳಲ್ಲಿ ಖಾಲಿ ಮಾಡಿಸಿತು. ಜನ ಊರಾಚೆ ಗುಡಿಸಲು ಹಾಕಿಕೊಂಡರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಸರ್ಕಾರ ಶಿಬಿರಗಳನ್ನು ತೆರೆಯಿತು. ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರು ಸರ್ಕಾರದ ಸೇವೆಗೆ ಸೇರಿದ್ದ ಡಾ. ಪಲ್ಪು ಆ ಶಿಬಿರಗಳಲ್ಲಿ ದುಡಿದವರಲ್ಲಿ ಒಬ್ಬರು. ಗಾಳಿ ಬೆಳಕಿಗಾಗಿ ಬಸವನಗುಡಿ, ಮಲ್ಲೇಶ್ವರಗಳತ್ತ ಉಳ್ಳವರು ಹೊರಟದ್ದೂ ಈ ಭಯದಿಂದಲೇ. 1900ರ ಡಿಸೆಂಬರ್ 8ರಂದು ವೈಸ್‌ರಾಯ್ ಲಾರ್ಡ್ ಕರ್ಜನ್ ಆಸ್ಪತ್ರೆಯನ್ನು ಉದ್ಘಾಟಿಸುವ ಹೊತ್ತಿಗೆ, ರಾಣಿಯ ಉತ್ಸವದ ನೆನಪಿಗೆಂದು ಶುರುವಾದ ಕಟ್ಟಡ ಊರಿಗೆ ತೀರಾ ಬೇಕಾದ ಕಟ್ಟಡವಾಗಿತ್ತು. ಆಗ ಇದ್ದದ್ದು 140 ಹಾಸಿಗೆ.

ಜಾಗದ ಆಯ್ಕೆಯನ್ನು ಗಮನಿಸಬೇಕು. ಆಗ ಬೆಂಗಳೂರು ಎಂದರೆ ಎರಡು ಊರು. ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿತ್ತು. ಅಲ್ಲಿ 1868ರಿಂದಲೇ ಬೌರಿಂಗ್ ಆಸ್ಪತ್ರೆ ಇತ್ತು. 1911ರಲ್ಲಿ ಅದರ ಪಕ್ಕಕ್ಕೆ ಕರ್ಜನ್ನನ ಹೆಂಡತಿಯ ಹೆಸರಿನ ಹೆಂಗಸರ ಆಸ್ಪತ್ರೆಯೂ ಬಂತು. ಮಿಷನರಿ ಸಿಸ್ಟರುಗಳ ಸೇಂಟ್ ಮಾರ್ಥಾಸ್ 1886ರಷ್ಟು ಹಳೆಯದು. ಮಹಾರಾಜರ ಪೇಟೆಯ ಜನಕ್ಕೆ ಅವರ ಅಳತೆಯ ದೊಡ್ಡ ಆಸ್ಪತ್ರೆ ಇರಲಿಲ್ಲ. ವಿಕ್ಟೋರಿಯಾ ಎದ್ದದ್ದು ಪೇಟೆಗೂ ಹಳೆಯ ಕೋಟೆಗೂ ನಡುವೆ. ಮುಂದೆ ಎದುರಿಗೇ ಸಿಟಿ ಮಾರ್ಕೆಟ್ಟು, ಆಮೇಲೆ ಬೆನ್ನಿಗೆ ಕಲಾಸಿಪಾಳ್ಯದ ಬಸ್ ನಿಲ್ದಾಣ. ಈ ಆಸ್ಪತ್ರೆಗೆ ಯಾವ ರೋಗಿ ಬರಬೇಕು ಎಂಬುದನ್ನು ಯಾವುದೇ ಸರ್ಕಾರಿ ಆದೇಶಕ್ಕಿಂತ ಹೆಚ್ಚಾಗಿ ತೀರ್ಮಾನಿಸಿದ್ದು ಆ ಬಸ್ ನಿಲ್ದಾಣ ಎಂದು ನನಗನ್ನಿಸುತ್ತದೆ. ಕೋಲಾರ, ಮಾಗಡಿ, ಕನಕಪುರ, ಹೊಸೂರಿನ ಕಡೆಯವರು ಬಸ್ಸಿಳಿದು ಗಂಟುಮೂಟೆ ಹೊತ್ತು ನಡೆದೇ ಬರಬಹುದಾದ ದೊಡ್ಡಾಸ್ಪತ್ರೆ ಬೇರೊಂದಿರಲಿಲ್ಲ.

ಆವರಣ ನಿಧಾನವಾಗಿ ಹರಡಿತು. 1896ರಲ್ಲಿ ಸಣ್ಣ ಕಣ್ಣಿನ ಚಿಕಿತ್ಸಾಲಯವಾಗಿ ಆರಂಭವಾದದ್ದು 1913ರಲ್ಲಿ ಸ್ವಂತ ಕಟ್ಟಡಕ್ಕೆ ಬಂದು ಮಿಂಟೋ ಕಣ್ಣಾಸ್ಪತ್ರೆಯಾಯಿತು. ಇಲ್ಲೂ ಒಬ್ಬ ವೈಸ್‌ರಾಯ್‌ನ ಹೆಸರೇ. 1935ರ ಮಾರ್ಚಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ವಾಣಿವಿಲಾಸ ಆಸ್ಪತ್ರೆ ಬಾಗಿಲು ತೆರೆಯಿತು. ತೆರೆದವರು ರೀಜೆಂಟ್ ಮಹಾರಾಣಿಯ ಮಗ ನಾಲ್ವಡಿ ಕೃಷ್ಣರಾಜ ಒಡೆಯರು. ಅಡಿಗಲ್ಲಿನ ದಿನ ವಿಕ್ಟೋರಿಯಾಕ್ಕೆ ಜಾಗ ಬಿಟ್ಟಿದ್ದ ವಾಣಿವಿಲಾಸ ಸನ್ನಿಧಾನದ ಹೆಸರು ಪಕ್ಕದ ಕಟ್ಟಡಕ್ಕೆ ಬರುವ ಹೊತ್ತಿಗೆ ಆಕೆ ಕಾಲವಾಗಿ ವರ್ಷವೂ ಆಗಿರಲಿಲ್ಲ. ಈ ನಡುವೆ, 1930ರಲ್ಲಿ, ಮೈಸೂರು ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣದ ಸಲಹಾ ಕೇಂದ್ರ ತೆರೆಯಲು ಆದೇಶ ಹೊರಡಿಸಿತು. ಒಂದು ಸರ್ಕಾರವೇ ಮುಂದೆ ನಿಂತು ಇಂಥ ಕೇಂದ್ರ ನಡೆಸಿದ್ದಕ್ಕೆ ಜಗತ್ತಿನಲ್ಲೇ ಇದು ಮೊದಲ ಉದಾಹರಣೆಗಳಲ್ಲೊಂದು. ಕೈಗಾರಿಕೆ, ವಿದ್ಯುತ್ತಿನ ವಿಷಯದಲ್ಲಿ ಮೈಸೂರನ್ನು ಹೊಗಳುವ ನಾವು ಈ ಸಂಗತಿಯನ್ನು ಯಾಕೋ ಸಂಕೋಚದಿಂದ ದಾಟಿಬಿಡುತ್ತೇವೆ.

ಇಷ್ಟಾದರೂ ಅದು ಚಿಕಿತ್ಸೆಯ ಜಾಗವೇ ಹೊರತು ಕಲಿಸುವ ಜಾಗವಾಗಿ ನೆಲೆ ನಿಂತಿರಲಿಲ್ಲ. ಪ್ರಯತ್ನ ನಡೆದಿತ್ತು. 1917ರಲ್ಲಿ ಬೆಂಗಳೂರಿನಲ್ಲಿ ಪದವಿಗಿಂತ ಕೆಳಗಿನ ಎಲ್‌ಎಂಪಿ ಪರವಾನಗಿಯ ವೈದ್ಯರನ್ನು ತಯಾರಿಸುವ ವೈದ್ಯಕೀಯ ಶಾಲೆ ಆರಂಭವಾಯಿತು. 1924ರಲ್ಲಿ ಅದು ಕಾಲೇಜಾಗಿ ಬಡ್ತಿ ಪಡೆದು, ಈಗಿನ ಕರ್ನಾಟಕದ ನೆಲದ ಮೊದಲ ಮೆಡಿಕಲ್ ಕಾಲೇಜೆನಿಸಿತು. ಆದರೆ 1930ರಲ್ಲಿ ಕಾಲೇಜು ಪೆಟ್ಟಿಗೆ ಕಟ್ಟಿ ಮೈಸೂರಿಗೆ ಹೊರಟಿತು, ಕೆ.ಆರ್. ಆಸ್ಪತ್ರೆ ಅದರ ಪಾಠಶಾಲೆಯಾಯಿತು. ಮೈಸೂರಿಗೆ ಆದ ಲಾಭ ದೊಡ್ಡದು. ವಿಕ್ಟೋರಿಯಾಕ್ಕೆ ಆದ ನಷ್ಟವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ. ರಾಜ್ಯದ ಅತಿ ದೊಡ್ಡ ನಗರದ ಅತಿ ದೊಡ್ಡ ಆಸ್ಪತ್ರೆ ಕಾಲು ಶತಮಾನ ಮೆಡಿಕಲ್ ಕಾಲೇಜಿಲ್ಲದೆ ನಡೆಯಿತು.

ಬದಲಾವಣೆಗೆ ಹಿನ್ನೆಲೆ ಒದಗಿಸಿದ್ದು ದೇಶದ ಆರೋಗ್ಯ ವ್ಯವಸ್ಥೆಯ ಕುರಿತ 1946ರ ಭೋರ್ ಸಮಿತಿಯ ವರದಿ. ಎಲ್‌ಎಂಪಿ, ಎಂಬಿಬಿಎಸ್ ಎಂಬ ಎರಡು ದರ್ಜೆಯ ವೈದ್ಯರು ಬೇಡ, ಒಂದೇ ಪದವಿ ಸಾಕು ಎಂದಿತು ವರದಿ. ಶಾಲೆಗಳು ಮುಚ್ಚಿದವು, ಕಾಲೇಜುಗಳ ಅಗತ್ಯ ಹೆಚ್ಚಿತು. 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದಲ್ಲಿ ಖಾಸಗಿ ಕಾಲೇಜು ತೆರೆದರು. 1955ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜು ಹುಟ್ಟಿದ್ದೂ ಡಾ. ಆರ್. ಶಿವರಾಂ ಮುಂದಾಳುತನದ ಖಾಸಗಿ ಪ್ರಯತ್ನವಾಗಿಯೇ. ಮರುವರ್ಷವೇ ಅದು ಸರ್ಕಾರದ ಕೈಗೆ ಬಂತು. ಆ ಹಸ್ತಾಂತರ ನಡೆಯದಿದ್ದರೆ ಈ ಊರಿನ ವೈದ್ಯಕೀಯ ಚರಿತ್ರೆ ಬೇರೆಯೇ ಆಗುತ್ತಿತ್ತು. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ, ದಂಡಿನ ಬೌರಿಂಗ್, ಇವೆಲ್ಲ ಒಂದೇ ಕಾಲೇಜಿನ ಬೋಧನಾ ಆಸ್ಪತ್ರೆಗಳಾದವು. ಪದವಿ ಕೊಡುವ ವಿಶ್ವವಿದ್ಯಾಲಯ ಮಾತ್ರ ಬದಲಾಗುತ್ತ ಹೋಯಿತು: ಮೊದಲು ಮೈಸೂರು, ಆಮೇಲೆ ಬೆಂಗಳೂರು, 1996ರ ನಂತರ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳದ್ದು.

ಕಾಲೇಜು ಬಂದಮೇಲೆ ಆಸ್ಪತ್ರೆಯ ಒಳಗಿನ ದಿನಚರಿಯೇ ಬೇರೆಯಾಯಿತು. ಬೋಧನಾ ಆಸ್ಪತ್ರೆ ನಡೆಯುವುದು ಯೂನಿಟ್‌ಗಳ ಮೇಲೆ. ಒಬ್ಬ ಹಿರಿಯ ಪ್ರೊಫೆಸರ್, ಅವರ ಕೆಳಗೆ ಒಂದಿಬ್ಬರು ಸಹ ಪ್ರಾಧ್ಯಾಪಕರು, ಪಿಜಿಗಳೆಂಬ ಸ್ನಾತಕೋತ್ತರ ವಿದ್ಯಾರ್ಥಿಗಳು, ಎಲ್ಲರಿಗಿಂತ ಕೆಳಗೆ ಹೌಸ್ ಸರ್ಜನ್. ಪ್ರತಿ ಯೂನಿಟ್‌ಗೂ ವಾರದಲ್ಲಿ ಅದರದೇ ಓಪಿಡಿ ದಿನ, ಅದರದೇ ಅಡ್ಮಿಷನ್ ದಿನ. ಆ ದಿನ ರಾತ್ರಿ ಕ್ಯಾಶುವಾಲ್ಟಿಗೆ ಯಾರೇ ಬರಲಿ, ವಿಷ ಕುಡಿದವರು, ಲಾರಿಗೆ ಸಿಕ್ಕವರು, ಸ್ಟವ್ ಸಿಡಿದು ಸುಟ್ಟುಕೊಂಡವರು, ಎಲ್ಲರೂ ಆ ಯೂನಿಟ್ಟಿನ ಪಾಲು. ಪ್ರೊಫೆಸರ್ ಬೆಳಿಗ್ಗೆ ರೌಂಡ್ಸಿಗೆ ಬರುವ ಮೊದಲು ರಕ್ತ ತೆಗೆದು, ಕೇಸ್ ಶೀಟ್ ಬರೆದು, ಎಕ್ಸ್‌ರೇ ಹುಡುಕಿ ತಂದು, ಪೊಲೀಸರಿಗೆ ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಿಸಿದ ಪ್ರಕರಣಗಳ, ಮಾಹಿತಿ ಕಳಿಸಿ ಮುಗಿಸಿರಬೇಕು. ಇದನ್ನೆಲ್ಲ ಮಾಡುವವರು ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗ ಹುಡುಗಿಯರು. ಅವರ ಕೈ ಒರಟು, ತಪ್ಪುಗಳೂ ಆಗುತ್ತವೆ. ಆದರೆ ರಾತ್ರಿ ಎರಡು ಗಂಟೆಗೆ ಹಾಸಿಗೆಯ ಪಕ್ಕ ನಿಂತಿರುವ ವೈದ್ಯರೆಂದರೆ ಅವರೇ. ವಿದ್ಯಾರ್ಥಿಗಳಿಲ್ಲದ ಸರ್ಕಾರಿ ಆಸ್ಪತ್ರೆಗೆ ರಾತ್ರಿ ಹೊತ್ತು ಹೋಗಿ ನೋಡಿದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ರೋಗಿ ತೆರುವ ಬೆಲೆಯೂ ಇದೆ. ಒಂದೇ ಹೊಟ್ಟೆಯನ್ನು ಹತ್ತು ಕೈಗಳು ಒತ್ತಿ ನೋಡುತ್ತವೆ. ಒಂದೇ ಕಥೆಯನ್ನು ‘ಎಷ್ಟು ದಿನದಿಂದ ನೋವು?’ ಎಂಬಲ್ಲಿಂದ ಶುರುಮಾಡಿ ಬಂದ ಬಂದವರಿಗೆಲ್ಲ ಹೇಳಬೇಕು. ಪರೀಕ್ಷೆಯ ದಿನಗಳಲ್ಲಿ ‘ಲಾಂಗ್ ಕೇಸ್’, ‘ಶಾರ್ಟ್ ಕೇಸ್’ ಆಗಿ ಕೂರುವ ದೀರ್ಘಕಾಲದ ರೋಗಿಗಳು ತಮ್ಮ ಗುಲ್ಮದ ಅಳತೆಯನ್ನೂ ಎದೆಯ ಮರ್ಮರವನ್ನೂ ಅಭ್ಯರ್ಥಿಗಿಂತ ಚೆನ್ನಾಗಿ ಬಲ್ಲವರು; ಗಾಬರಿಯಾದ ಹುಡುಗನಿಗೆ ಅವರೇ ಮೆಲ್ಲಗೆ ಸುಳಿವು ಕೊಡುವುದು ವೈದ್ಯರ ಹರಟೆಯಲ್ಲಿ ಮತ್ತೆ ಮತ್ತೆ ಬರುವ ಪ್ರಸಂಗ. ನಗು ಬರುವ ಮಾತೇ. ಆದರೆ ಕಲಿಕೆಗೆ ಮೈ ಒಡ್ಡುವವರು ಯಾವ ವರ್ಗದವರು, ಕಲಿತವರು ಕೊನೆಗೆ ಯಾರಿಗೆ ಚಿಕಿತ್ಸೆ ಕೊಡಲು ಹೋಗುತ್ತಾರೆ ಎಂದು ಕೇಳಿಕೊಂಡರೆ ಆ ನಗು ಸ್ವಲ್ಪ ಇಳಿಯುತ್ತದೆ. ಸತ್ತ ಮೇಲೂ ಇದೇ ಕಥೆ. 1957ರ ಅಂಗರಚನಾಶಾಸ್ತ್ರ ಕಾಯ್ದೆಯ ಪ್ರಕಾರ ವಾರಸುದಾರರು ಬಾರದ ಶವಗಳನ್ನು ಮೆಡಿಕಲ್ ಕಾಲೇಜಿಗೆ ಕೊಡಬಹುದು. ದೇಹದಾನದ ಅರಿವು ಹರಡುವ ಮೊದಲು ಮೊದಲ ವರ್ಷದ ವಿದ್ಯಾರ್ಥಿಯ ಡಿಸೆಕ್ಷನ್ ಮೇಜಿನ ಮೇಲೆ ಮಲಗುತ್ತಿದ್ದವರು ಬಹುಪಾಲು ಹೆಸರಿಲ್ಲದ ಬಡವರೇ.

1970ರ ದಶಕದಿಂದ ಮುಂದಿನ ಕಥೆ ಕವಲೊಡೆದದ್ದರದು. ಜಯದೇವ ಹೃದ್ರೋಗ ಸಂಸ್ಥೆ ಬನ್ನೇರುಘಟ್ಟ ರಸ್ತೆಗೆ ಹೋಗುವ ಮೊದಲು ಇದೇ ಆವರಣದಲ್ಲಿತ್ತು. ಮೂತ್ರಪಿಂಡದ ರೋಗಗಳಿಗೆ ನೆಫ್ರೋ ಯುರಾಲಜಿ ಸಂಸ್ಥೆ ಆವರಣದಲ್ಲೇ ಉಳಿದರೂ ಸ್ವಾಯತ್ತವಾಯಿತು. ಜಠರ ಮತ್ತು ಯಕೃತ್ತಿನ ರೋಗಗಳಿಗೆ ಇನ್ನೊಂದು ಸಂಸ್ಥೆ. ಇತ್ತೀಚೆಗೆ ಬೌರಿಂಗ್ ಕೂಡ ಬೇರೆಯಾಗಿ, ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಸ್ವಂತ ಕಾಲೇಜು ಕಟ್ಟಿಕೊಂಡಿದೆ. ಪ್ರತಿಯೊಂದೂ ಒಳ್ಳೆಯ ಉದ್ದೇಶದಿಂದ ಆದದ್ದೇ. ಜಯದೇವದಂಥ ಸಂಸ್ಥೆ ಸರ್ಕಾರಿ ಚೌಕಟ್ಟಿನೊಳಗೇ ಹೆಸರು ಮಾಡಿದ್ದು ಸಣ್ಣ ಸಾಧನೆಯಲ್ಲ. ಆದರೆ ಸ್ವಂತ ಆಡಳಿತ, ಸ್ವಂತ ಬಜೆಟ್ಟು ಪಡೆದ ಅಂಗಗಳು ಮಿಂಚಿದಷ್ಟೂ ಮೂಲ ಆಸ್ಪತ್ರೆಗೆ ಉಳಿದದ್ದು ಸಾಮಾನ್ಯ ವಾರ್ಡು, ಅಪಘಾತ, ಸುಟ್ಟಗಾಯ, ವಿಷ, ಜ್ವರ: ಹಣವೂ ಇಲ್ಲದ, ಹೊಗಳಿಕೆಯೂ ಇಲ್ಲದ ಕೆಲಸ. 1979ರ ಆಸುಪಾಸಿನಿಂದ ಎಂ.ಎಸ್. ರಾಮಯ್ಯ, ಕೆಂಪೇಗೌಡ, ಅಂಬೇಡ್ಕರ್ ಎಂದು ಖಾಸಗಿ ಮೆಡಿಕಲ್ ಕಾಲೇಜುಗಳ ಸಾಲು ನಗರಕ್ಕೆ ಬಂದಾಗ ನಡುವಿನ ವರ್ಗ ಅತ್ತ ಸರಿಯಿತು. ‘ವಿಕ್ಟೋರಿಯಾಕ್ಕೆ ಹಾಕಿದ್ದಾರಂತೆ’ ಎಂಬ ಮಾತಿಗೆ ಬೇರೆ ಗತಿಯಿರಲಿಲ್ಲ ಎಂಬ ಧ್ವನಿ ಸೇರಿಕೊಂಡದ್ದು ಬಹುಶಃ ಆಗಲೇ.

ಸರ್ಕಾರವೇನೂ ಕೈಬಿಡಲಿಲ್ಲ. ಕಾಲೇಜನ್ನು ಸ್ವಾಯತ್ತ ಸಂಶೋಧನಾ ಸಂಸ್ಥೆಯಾಗಿಸಿತು. ಕೇಂದ್ರದ ಯೋಜನೆಯಲ್ಲಿ ಸೂಪರ್ ಸ್ಪೆಷಾಲಿಟಿ ಬ್ಲಾಕ್ ಬಂತು, ಟ್ರಾಮಾ ಕೇಂದ್ರ ಬಂತು. ಮಹಾಬೋಧಿ ಸೊಸೈಟಿಯ ನೆರವಿನಿಂದ ಸುಟ್ಟಗಾಯಗಳ ವಾರ್ಡು ಎದ್ದಿತು. 2022ರಲ್ಲಿ ವಾಣಿವಿಲಾಸದಲ್ಲಿ ಎದೆಹಾಲಿನ ಬ್ಯಾಂಕ್ ಆರಂಭವಾಯಿತು. ಎಂಬಿಬಿಎಸ್ ಸೀಟುಗಳು 250ಕ್ಕೆ ಏರಿದವು. ಕೊನೆಯದು ನನಗೆ ಪೂರ್ತಿ ಸಂತೋಷದ ಸುದ್ದಿಯಲ್ಲ. ಸೀಟು ಹೆಚ್ಚಿಸಲು ಆದೇಶ ಸಾಕು. ಹಾಸಿಗೆಯ ಪಕ್ಕ ನಿಂತು ಕಲಿಸುವ ಮೇಷ್ಟರನ್ನು ಆದೇಶದಿಂದ ತರಲಾಗದು. ಒಬ್ಬ ರೋಗಿಯ ಸುತ್ತ ಇಪ್ಪತ್ತು ಮಂದಿ ನಿಂತರೆ ಹಿಂದಿನ ಸಾಲಿನವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ.

ಈ ಒತ್ತಡ ಆಗಾಗ ಬೀದಿಗೂ ಬಂದಿದೆ. 2019ರ ಜುಲೈನಲ್ಲಿ ಮಿಂಟೋದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಹಲವರ ದೃಷ್ಟಿಗೆ ಹಾನಿಯಾಯಿತು. ಪರಿಹಾರ ಕೇಳಿ ನಡೆದ ಹೋರಾಟ ನವೆಂಬರಿನಲ್ಲಿ ಕಿರಿಯ ವೈದ್ಯರ ಮೇಲೆ ಕೈಮಾಡುವವರೆಗೆ ಹೋಯಿತು. ವೈದ್ಯರು ಮುಷ್ಕರ ಹೂಡಿದರು. ರೋಗಿಗಳ ಸಿಟ್ಟೂ ಸುಳ್ಳಲ್ಲ, ಏಟು ತಿಂದವರ ಸಿಟ್ಟೂ ಸುಳ್ಳಲ್ಲ. ಹಾನಿಗೆ ಕಾರಣವೆಂದು ಅನುಮಾನಕ್ಕೆ ಒಳಗಾದ ಔಷಧಿಯ ಖರೀದಿ, ಗುಣಮಟ್ಟದ ತಪಾಸಣೆ ಯಾರ ಹೊಣೆಯೋ ಅವರು ಮಾತ್ರ ಆ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಮರುವರ್ಷವೇ ಕೋವಿಡ್. 2020ರ ಮಾರ್ಚಿನಲ್ಲಿ ವಿಕ್ಟೋರಿಯಾವನ್ನು ಕೋವಿಡ್‌ಗೆ ಮೀಸಲಿಟ್ಟರು. ಏಪ್ರಿಲ್‌ನಲ್ಲಿ ರಾಜ್ಯದ ಮೊದಲ ಪ್ಲಾಸ್ಮಾ ಚಿಕಿತ್ಸೆಯ ಪ್ರಯೋಗವೂ ಇಲ್ಲೇ ನಡೆಯಿತು. ಪ್ಲೇಗಿನ ಕಾಲದಲ್ಲಿ ಏಳುತ್ತಿದ್ದ ಆಸ್ಪತ್ರೆ ಇನ್ನೊಂದು ಮಹಾಮಾರಿಗೆ ಎದೆಕೊಟ್ಟಿತೆಂದು ಪತ್ರಿಕೆಗಳು ಹೊಗಳಿದವು, ಸರಿಯೇ. ಆದರೆ ಅದೇ ತಿಂಗಳುಗಳಲ್ಲಿ ಇಲ್ಲಿಗೆ ಬರಬೇಕಿದ್ದ ಮಧುಮೇಹದ ಹುಣ್ಣಿನವರು, ಮುರಿದ ಮೂಳೆಯವರು ಬೇರೆ ಆಸ್ಪತ್ರೆಗಳ ಬಾಗಿಲು ತಟ್ಟಬೇಕಾಯಿತು. ಆ ಬ್ಯಾಚಿನ ವಿದ್ಯಾರ್ಥಿಗಳು ಬಗೆಬಗೆಯ ರೋಗ ನೋಡಿ ಕಲಿಯಬೇಕಾದ ವಾರ್ಡಿನಲ್ಲಿ ಪಿಪಿಇ ಅಂಗಿಯೊಳಗೆ ಬೆವರುತ್ತ ಒಂದೇ ರೋಗವನ್ನು ನೋಡಿದರು.

ಈಗಿನ ಓಪಿಡಿ ಸಾಲಿನಲ್ಲಿ ಇನ್ನೊಂದು ಬಗೆಯ ರೋಗಿ ಸೇರಿಕೊಂಡಿದ್ದಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಬೆಳಿಗ್ಗೆ ಚೀಟಿ ಮಾಡಿಸಿ ನಿಂತವರಲ್ಲಿ ಹಲವರಿಗೆ ಬೇಕಾದದ್ದು ಆ ಪತ್ರಕ್ಕೆ ಒಂದು ಸಹಿ. ಬಡವರಿಗೆ ದುಬಾರಿ ಚಿಕಿತ್ಸೆ ಸಿಗುವುದಾದರೆ ಅದನ್ನು ಬೇಡವೆನ್ನಲು ಯಾರಿಗೂ ಬಾಯಿ ಬರದು. ಆದರೆ ಕಠಿಣ ಶಸ್ತ್ರಚಿಕಿತ್ಸೆಗಳು ಪತ್ರದ ಜೊತೆಗೇ ಗೇಟು ದಾಟಿದರೆ, ಇಲ್ಲಿನ ಪಿಜಿ ಅವನ್ನು ಯಾರ ಕೈಕೆಳಗೆ, ಯಾರ ಮೇಲೆ ಕಲಿಯಬೇಕು? 250 ಸೀಟಿನ ಕಾಲೇಜು ಅದಕ್ಕೆ ಬೇಗ ಉತ್ತರ ಹುಡುಕಿಕೊಳ್ಳಬೇಕಾಗಿದೆ. ಅಲ್ಲಿಯವರೆಗೆ ಸರ್ಕಾರ ಯೋಜನೆಯ ಹಣದಲ್ಲಿ ಹೆಚ್ಚಿನ ಪಾಲನ್ನು ತನ್ನದೇ ಬೋಧನಾ ಆಸ್ಪತ್ರೆಗಳ ಆಪರೇಷನ್ ಥಿಯೇಟರುಗಳಿಗೆ, ಅರಿವಳಿಕೆ ತಜ್ಞರಿಗೆ, ಐಸಿಯು ನರ್ಸುಗಳಿಗೆ ಹರಿಸಿದರೆ ಸಹಿಗಾಗಿ ನಿಂತ ಆ ಸಾಲು ತಾನಾಗಿಯೇ ಚಿಕ್ಕದಾದೀತು.