ಗರಿಯ ನುಸಿ, ಪಂಜರದ ನುಸಿ

ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯವನ್ನು ನಮ್ಮ ಹುಬ್ಬಳ್ಳಿ-ಧಾರವಾಡ ಸೀಮೆಗೆ ಬಿಟ್ಟುಹೋದ ಕಲ್ಯಾಣ ಚಾಲುಕ್ಯರ ಕಾಲದಲ್ಲಿಯೇ ಮೂಕಪ್ರಾಣಿಗಳ ಆರೋಗ್ಯಚಿಂತೆಯೂ ಕನ್ನಡದಲ್ಲಿ ಗ್ರಂಥರೂಪವನ್ನು ತಾಳಿತೆಂಬುದು ಅಭಿಮಾನಪಡತಕ್ಕ ಸಂಗತಿ. ಆ ವಂಶದ ರಾಜಪುತ್ರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು, 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಕೋಳಿ, ಲಾವುಗೆ, ಪಾರಿವಾಳಗಳ ವಿನೋದಗಳನ್ನೂ ಡೇಗೆಯ ಬೇಟೆಯನ್ನೂ ವಿಸ್ತಾರವಾಗಿ ವರ್ಣಿಸಿದನು. ಆದರೆ ಪಡಸಾಲೆಯಲ್ಲಿ ಗಿಳಿಯ ಪಂಜರವನ್ನೂ ಹಿತ್ತಿಲಲ್ಲಿ ಕೋಳಿಯ ಗೂಡನ್ನೂ ಇಟ್ಟುಕೊಂಡ ಸಾಮಾನ್ಯ ಗೃಹಸ್ಥನಿಗೆ ಬೇಕಾದ ತಿಳಿವಳಿಕೆ ರಾಜಗ್ರಂಥಗಳ ದಾರಿಯಿಂದ ಬಂದುದಲ್ಲ. ಅದು ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಬಂದುದು. ಆ ತಿಳಿವಳಿಕೆಯ ಸಾರವಿಷ್ಟೆ: ಹಕ್ಕಿ ಮೈ ಕೆರೆದುಕೊಂಡರೆ ಮೊದಲು ಗೂಡನ್ನು ನೋಡು.

ಈ ಮಾತು ಎಷ್ಟು ಯುಕ್ತವಾದುದೆಂಬುದನ್ನು ಆಧುನಿಕ ಶಾಸ್ತ್ರವು ಸಮರ್ಥಿಸುತ್ತದೆ. ರೆಕ್ಕೆಯನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಗರಿಯ ಎಳೆಗಳ ನಡುವೆ ಸೂಕ್ಷ್ಮವಾದ ಧೂಳಿನ ಸಾಲು ಕಾಣುವುದುಂಟು. ಅದು ಗರಿಯ ಜಿಡ್ಡನ್ನೂ ಬೂಷ್ಟನ್ನೂ ತಿಂದು ಬದುಕುವ ನಿಜವಾದ ಗರಿನುಸಿ, ಬಹುಮಟ್ಟಿಗೆ ನಿರುಪದ್ರವಿ. ಹಕ್ಕಿಯನ್ನು ಕೊಲ್ಲಬಲ್ಲುದು ಬೇರೊಂದು. ಅದು ಹಗಲೆಲ್ಲ ಪಂಜರದ ಸಂದಿನಲ್ಲಿ, ಕೂರುಗೋಲಿನ ಬಿರುಕಿನಲ್ಲಿ ಅಡಗಿದ್ದು, ರಾತ್ರಿ ಹೊರಬಂದು, ನಿದ್ರಿಸುವ ಹಕ್ಕಿಯ ರಕ್ತವನ್ನು ಹೀರಿ, ಕೆಂಪಾಗಿ ಉಬ್ಬಿ, ಬೆಳಗಾಗುವ ಮೊದಲೇ ಮರಳಿ ಮರೆಯಾಗುತ್ತದೆ. ಆದುದರಿಂದ ಹಗಲಿನಲ್ಲಿ ಹಕ್ಕಿಯ ಮೈಯನ್ನು ಎಷ್ಟು ತಡಕಿದರೂ ಏನೂ ಸಿಕ್ಕದು. ರಾತ್ರಿ ಪಂಜರಕ್ಕೆ ಬಿಳಿಯ ಅರಿವೆಯನ್ನು ಹೊದಿಸಿ ಮುಂಜಾನೆ ಅದರ ಮಡಿಕೆಗಳನ್ನು ಬಿಡಿಸಿ ನೋಡಿದರೆ, ಸರಿದಾಡುವ ಕೆಂಪು ಚುಕ್ಕೆಗಳು ಸತ್ಯವನ್ನು ನುಡಿಯುತ್ತವೆ. ಬೆಚ್ಚನೆಯ ಹವೆಯಲ್ಲಿ ಈ ಹುಳುವಿನ ತತ್ತಿ ಒಂದು ವಾರದೊಳಗಾಗಿ ಬೆಳೆದ ನುಸಿಯಾಗುತ್ತದೆ. ರಕ್ತವಿಲ್ಲದೆಯೂ ಅದು ತಿಂಗಳುಗಟ್ಟಲೆ ಬದುಕಿರಬಲ್ಲದು.

ಕಾವು ಕೂತ ಕೋಳಿಯ ಬುಟ್ಟಿಗೆ ಬೇವಿನ ಸೊಪ್ಪನ್ನು ಹಾಸುವುದು, ಕೋಳಿಗಳು ಹೊರಳಾಡಲೆಂದು ಒಲೆಯ ಬೂದಿಯನ್ನು ಹಿತ್ತಿಲ ಮೂಲೆಯಲ್ಲಿ ಸುರಿಯುವುದು, ಬಿದಿರ ಪಂಜರವನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗಿಡುವುದು, ಗೂಡಿನ ಗೋಡೆಗೆ ಸುಣ್ಣ ಬಳಿಯುವುದು, ಇವೆಲ್ಲ ಆ ಅರಿವಿನ ಆಚರಣೆಗಳೇ. ಹಳೆಯದೆಲ್ಲವೂ ಹಿತವಾಗಿತ್ತೆಂದು ಮಾತ್ರ ನಾನು ಹೇಳಲಾರೆ. ತಂಬಾಕಿನ ಕಷಾಯವನ್ನು ಹಕ್ಕಿಯ ಮೈಗೆ ಸವರುವುದು ನುಸಿಗಿಂತ ಮೊದಲು ಹಕ್ಕಿಗೇ ವಿಷವಾದೀತು, ಸೀಮೆಎಣ್ಣೆಯೂ ಅಂತಹುದೇ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1991ರ ಅದರ ತಿದ್ದುಪಡಿಯೂ ನಾಡಹಕ್ಕಿಗಳ ವ್ಯಾಪಾರವನ್ನು ನಿಲ್ಲಿಸಿದ ಬಳಿಕ ಗಿಳಿಯ ಪಂಜರ ನ್ಯಾಯವಾಗಿಯೇ ಬರಿದಾಗಬೇಕಾಯಿತು. ಆ ಸ್ಥಳಕ್ಕೆ ಬಂದುದು, ನಮ್ಮ ಜನ ‘ಲವ್ ಬರ್ಡ್ಸ್’ ಎಂದು ಕರೆಯುವ ಬಜರಿಗರ್. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಒಯ್ದ ಪುಟ್ಟ ಗಿಳಿ. ಅದರೊಡನೆ ಹಳೆಯ ಅಜ್ಜಿಯರು ಕಾಣದಿದ್ದ ಒಂದು ಬೇನೆಯೂ ಬಂದಿತು: ಚರ್ಮದೊಳಕ್ಕೆ ಕೊರೆದು ವಾಸಿಸುವ ನುಸಿಯಿಂದ ಕೊಕ್ಕಿನ ಬುಡದಲ್ಲಿ, ಕಣ್ಣಿನ ಸುತ್ತ, ಕಾಲಿನ ಮೇಲೆ ಜೇನುಹುಟ್ಟಿನಂತೆ ರಂಧ್ರರಂಧ್ರವಾದ ಬೂದುಬಣ್ಣದ ಹಕ್ಕಳೆ ಏಳುತ್ತದೆ, ಅಲಕ್ಷಿಸಿದರೆ ಕೊಕ್ಕೇ ವಕ್ರವಾಗುತ್ತದೆ. ತಂತಿಯ ಪಂಜರವನ್ನು ಕೊಂಡುತಂದ ಹೊಸ ಗೃಹಸ್ಥನು ಇದನ್ನು ಮುಪ್ಪಿನ ಚಿಹ್ನೆಯೆಂದೂ, ಋತುಧರ್ಮದಿಂದ ಗರಿ ಉದುರುವುದನ್ನು ನುಸಿಯ ಕಾಟವೆಂದೂ ಬಗೆಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹಕ್ಕಿ ಬದಲಾಯಿತು, ಪಂಜರ ಬದಲಾಯಿತು, ನೋಡುವ ಕಣ್ಣು ಮಾತ್ರ ಕೈಬದಲಾಗಲಿಲ್ಲ.

ಈ ಬೇನೆಗೆ ಇಂದು ಪಶುವೈದ್ಯರು ಕೊಡುವ ಐವರ್ಮೆಕ್ಟಿನ್ ಎಂಬ ಔಷಧದ ಮೂಲವು ಜಪಾನಿನ ಮಣ್ಣಿನಲ್ಲಿ ಸತೋಶಿ ಓಮುರ ಕಂಡ ಒಂದು ಸೂಕ್ಷ್ಮಜೀವಿ. ಆ ಕಾರ್ಯಕ್ಕೆ 2015ರ ನೊಬೆಲ್ ಪುರಸ್ಕಾರದ ಪಾಲೂ ಅವರಿಗೆ ಸಂದಿತು. 1981ರಲ್ಲಿ ಅದು ಮಾರುಕಟ್ಟೆಗೆ ಬಂದುದು ಜಾನುವಾರುಗಳ ಮದ್ದಾಗಿಯೇ. ಮೂವತ್ತು ನಾಲ್ವತ್ತು ಗ್ರಾಂ ತೂಗುವ ಜೀವಕ್ಕೆ ದನದ ಸೀಸೆಯಿಂದ ಅಂದಾಜಿನಲ್ಲಿ ಹನಿಸುವುದು ಪ್ರಾಣಾಂತಿಕ. ವೈದ್ಯರು ಹಕ್ಕಿಯನ್ನು ತೂಗಿ, ತೆಳುವಾಗಿಸಿದ ಮದ್ದನ್ನು ಕತ್ತಿನ ಹಿಂದಿನ ಗರಿಗಳನ್ನು ಸರಿಸಿ ಚರ್ಮಕ್ಕೆ ಮುಟ್ಟಿಸುತ್ತಾರೆ. ನುಸಿ ಇನ್ನೂ ಉಳಿದಿದ್ದೀತೆಂದು ಹತ್ತು ಹದಿನಾಲ್ಕು ದಿನಗಳ ಬಳಿಕ ಮತ್ತೊಮ್ಮೆ ಹಾಕುತ್ತಾರೆ. ಈ ಎರಡು ಹನಿಗಳ ನಡುವಣ ಅವಧಿಯಲ್ಲಿ ಕೂರುಗೋಲುಗಳನ್ನು ಸುಟ್ಟು ಹೊಸವನ್ನು ಹಾಕಿ, ಪಂಜರದ ಮೂಲೆಮೂಲೆಗೂ ಕುದಿನೀರು ಸುರಿಯುವ ಕೆಲಸ ಮಾತ್ರ ಮನೆಯವರದು.